ಮರಕ್ಕೆ ಸುಣ್ಣ, ಆಳಿಗೆ ಅಂಗಿ



ಮಳೆ ಹಿಂದಾಗಿ ಆಕಾಶ ತಿಳಿಯಾಯಿತೆಂದರೆ ನಮ್ಮ ಕಡೆಯ ತೋಟಗಳಲ್ಲಿ ಮೊದಲು ಕೈಗೆತ್ತಿಕೊಳ್ಳುವ ಕೆಲಸ ಅಡಿಕೆ ಮರಗಳಿಗೆ ಸುಣ್ಣ ಬಳಿಯುವುದು. ಹೋದ ಕಾರ್ತೀಕದಲ್ಲಿ ನಾವೂ ರಾಮಗಿರಿಯ ನಮ್ಮ ತೋಟದ ಪಡುವಣ ಅಂಚಿನಲ್ಲಿ ನಿಂತು ಆ ಕೆಲಸ ಮಾಡಿಸುತ್ತಿದ್ದೆವು. ಪಕ್ಕದ ಕಣದಲ್ಲಿ ಬೇಯಿಸಿದ ಅಡಿಕೆಯನ್ನು ಹರವುತ್ತಿದ್ದ ಹೆಂಗಸರಲ್ಲಿ ಒಬ್ಬಾಕೆ, ನಮ್ಮಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ದುಡಿದಾಕೆ, ಸೊಂಟ ನೆಟ್ಟಗೆ ಮಾಡಿಕೊಂಡು ನಮ್ಮ ಕಡೆ ನೋಡಿ, "ಗೌಡ್ರೇ, ಮರಕ್ಕೆ ಸುಣ್ಣ ಬಳಿಸ್ತೀರಿ. ನಮ್ ಬೆನ್ನಿಗೂ ಒಂದ್ ಕೈ ಬಳಿಸ್ಬಾರ್ದಾ?" ಎಂದಳು. ಎಲ್ಲರೂ ನಕ್ಕರು. ನಾವೂ ನಕ್ಕೆವು. ಸಂಜೆ ಬಟವಾಡೆಯ ಲೆಕ್ಕ ಬರೆಯಲು ಕುಳಿತಾಗ ಮಾತ್ರ ಆ ಮಾತು ನಗೆಯಾಗಿ ಉಳಿಯಲಿಲ್ಲ.

ಅಡಿಕೆ ಮರವನ್ನು ಬಿಸಿಲಿನಿಂದ ಕಾಪಾಡಲು ನಾವು ಏನೆಲ್ಲ ಮಾಡುತ್ತೇವೆಂಬುದನ್ನು ಸದಸ್ಯರು ಒಮ್ಮೆ ನೆನಪಿಗೆ ತಂದುಕೊಳ್ಳಬೇಕು. ಗುಣಿ ತೆಗೆಯುವ ಮೊದಲೇ ನಮ್ಮ ಜಾಗ್ರತೆ ಮೊದಲಾಗುತ್ತದೆ. ಒಂಬತ್ತು ಅಡಿ ಅಂತರವನ್ನು ಹಗ್ಗ ಹಿಡಿದು ಅಳೆಯುತ್ತೇವೆ. ದಕ್ಷಿಣೋತ್ತರ ಸಾಲನ್ನು ನೈಋತ್ಯದ ಕಡೆಗೆ 35 ಡಿಗ್ರಿ ವಾಲಿಸಬೇಕೆಂದು ವಿಟ್ಲದ ಸಂಶೋಧನಾ ಕೇಂದ್ರದವರು ಹೇಳಿಕೊಟ್ಟ ಪಾಠವನ್ನು ಓದಿದವರೂ ಓದದವರೂ ಪಾಲಿಸುತ್ತಾರೆ. ಕಾರಣ ಇಷ್ಟೆ: ದಕ್ಷಿಣಾಯನದ ಇಳಿ ಬಿಸಿಲು ನೈಋತ್ಯದಿಂದ ಓರೆಯಾಗಿ ಕಾಂಡಕ್ಕೆ ಬಡಿಯುತ್ತದೆ, ಬಡಿದ ಕಡೆ ಕಾಂಡ ಮೊದಲು ಹೊಂಬಣ್ಣಕ್ಕೆ, ಆಮೇಲೆ ಕಂದು ಬಣ್ಣಕ್ಕೆ ತಿರುಗಿ ಸೀಳುತ್ತದೆ, ಮುಂದೊಂದು ದಿನ ಗಾಳಿಗೆ ಅದೇ ಜಾಗದಲ್ಲಿ ಮರ ಮುರಿಯುತ್ತದೆ. ಹಾಗಾಗದಿರಲೆಂದು ಎಳೆಯ ಮರಕ್ಕೆ ಹಾಳೆ ಕಟ್ಟುತ್ತೇವೆ, ಸೋಗೆ ಸುತ್ತುತ್ತೇವೆ, ಅಂಚಿಗೆ ನೆರಳಿನ ಮರ ಬೆಳೆಸುತ್ತೇವೆ, ಸುಣ್ಣ ಬಳಿಯುತ್ತೇವೆ. ಕಾಫಿ ಬೆಳೆಯುವ ಸದಸ್ಯರದೂ ಇದೇ ಕಥೆ. ನೆರಳು ತೆಳುವಾದ ಕಡೆ ಅರೇಬಿಕಾ ಗಿಡಕ್ಕೆ ಬಿಳಿ ಕಾಂಡಕೊರಕ ಬರುತ್ತದೆಂದು ಶೇಕಡಾ 10ರ ಸುಣ್ಣದ ನೀರನ್ನು ಕಾಂಡಕ್ಕೆ ಬಳಿಸುತ್ತಾರೆ. ಒಟ್ಟಿನಲ್ಲಿ ನಮ್ಮ ತೋಟಗಳಲ್ಲಿ ಬಿಸಿಲಿಗೆ ಅಂಗಿ ತೊಟ್ಟು ನಿಂತಿರುವುದು ಮರ. ತೊಡದೆ ನಿಂತಿರುವವರು ಯಾರೆಂಬುದನ್ನು ಆಕೆ ನಮಗೆ ತೋರಿಸಿಕೊಟ್ಟಳು.

ಮಳೆಗಾದರೆ ನಾವು ಹಿಂದಿನಿಂದಲೂ ಏನಾದರೂ ಮಾಡುತ್ತ ಬಂದಿದ್ದೇವೆ. ನಮ್ಮ ತಂದೆಯವರ ಕಾಲದಲ್ಲಿ ಆರಿದ್ರೆ ಮಳೆ ಹಿಡಿಯುವ ಮೊದಲು ಆಳುಗಳಿಗೆ ಚಳ್ಳಕೆರೆ ಕಡೆಯ ಕಂಬಳಿ ತರಿಸಿಕೊಡುವ ಪದ್ಧತಿಯಿತ್ತು. ಅದರ ಕೊಪ್ಪೆ ಹಾಕಿಕೊಂಡರೆ ಮಳೆಯೂ ತಡೆಯುತ್ತಿತ್ತು, ಚಳಿಯೂ ತಡೆಯುತ್ತಿತ್ತು. ಈಗ ಪ್ಲಾಸ್ಟಿಕ್ ಕೊಪ್ಪೆಯಾದರೂ ಕೊಡುತ್ತೇವೆ. ಕಾನೂನಿನ ಕಣ್ಣಿಗೂ ಕಂಡದ್ದು ಇಷ್ಟೇ. 1951ರ ತೋಟ ಕಾರ್ಮಿಕರ ಕಾಯಿದೆಯ 17ನೆಯ ಕಲಮಿನಲ್ಲಿ, ಕೊಡೆ, ಕಂಬಳಿ, ಮಳೆಯಂಗಿ ಮುಂತಾದವನ್ನು ಮಾಲೀಕರು ಒದಗಿಸಬೇಕೆಂದು ರಾಜ್ಯ ಸರ್ಕಾರಗಳು ನಿಯಮ ಮಾಡಬಹುದೆಂದಿತ್ತು. ಯಾತರಿಂದ ರಕ್ಷಣೆಗೆ? ಮಳೆಯಿಂದ ಅಥವಾ ಚಳಿಯಿಂದ. ಬಿಸಿಲಿನ ಮಾತೇ ಅಲ್ಲಿ ಇರಲಿಲ್ಲ. ಕಾಯಿದೆ ಹೆಸರಿಸಿದ ಬೆಳೆಗಳೂ ಚಹಾ, ಕಾಫಿ, ರಬ್ಬರ್, ಸಿಂಕೋನ, ಏಲಕ್ಕಿಗಳೇ. ಅಡಿಕೆ ಆ ಸಾಲಿನಲ್ಲಿರಲಿಲ್ಲ. ಆ ಕಾಯಿದೆ ಈಗ 2020ರ ಹೊಸ ಸಂಹಿತೆಯೊಳಗೆ ಸೇರಿಹೋಗಿದೆ. ಹಳೆಯದನ್ನು ಬರೆದವರು ಗುಡ್ಡದ ಮೇಲಿನ ಚಹಾ ತೋಟವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿರಬೇಕು. ಹೊಳಲ್ಕೆರೆ ತಾಲ್ಲೂಕಿನ ಸಿಮೆಂಟ್ ಕಣ ಅವರ ಕಣ್ಣೆದುರು ಇದ್ದಿರಲಾರದು.

ಸಿಮೆಂಟ್ ಕಣದ ವಿಷಯ ಬಂದದ್ದರಿಂದ ಹೇಳುತ್ತೇವೆ. ಈ ಮಾತೆತ್ತಿದಾಗಲೆಲ್ಲ ಹಿರಿಯ ಸದಸ್ಯರು ಒಂದು ಆಕ್ಷೇಪ ಎತ್ತುತ್ತಾರೆ: "ನಮ್ಮ ಅಪ್ಪ, ಅಜ್ಜ ಬರೀ ಮೈಯಲ್ಲೇ ದುಡಿದರು, ಅವರಿಗೇನಾಯಿತು?" ಅವರಿಗೆ ಏನಾಯಿತೋ ಯಾರೂ ಬರೆದಿಡಲಿಲ್ಲ. ಆದರೆ ಅವರು ದುಡಿದ ಜಾಗವೇ ಬೇರೆ. ಆಗ ಅಡಿಕೆ ಇದ್ದದ್ದು ಕೆರೆಯ ಕೆಳಗೆ, ತಗ್ಗಿನಲ್ಲಿ, ದಟ್ಟ ನೆರಳಿನಲ್ಲಿ. ಒಣಗಿಸುತ್ತಿದ್ದದ್ದು ಸಗಣಿ ಸಾರಿಸಿದ ಮಣ್ಣಿನ ಅಂಗಳದಲ್ಲಿ, ಚಾಪೆಯ ಮೇಲೆ; ಇದ್ದದ್ದು ನಾಲ್ಕು ಚೀಲ. ಕೊಳವೆ ಬಾವಿ ಬಂದ ಮೇಲೆ ಜೋಳ, ರಾಗಿ ಬೆಳೆಯುತ್ತಿದ್ದ ಬಯಲೆಲ್ಲ ಅಡಿಕೆಯಾಯಿತು. ಬಯಲಿನ ನಡುವೆ ಒಂದು ಮರದ ನೆರಳೂ ಬೀಳದಂತೆ ನೋಡಿಕೊಂಡು ಅರ್ಧ ಎಕರೆಯ ಕಣ ಮಾಡಿದೆವು. ನೆರಳು ಬಿದ್ದರೆ ಅಡಿಕೆ ಒಣಗದಲ್ಲ! ಬಿಸಿಲು ಮೇಲಿನಿಂದ ಮಾತ್ರ ಬರುವುದಿಲ್ಲ. ಹುಲ್ಲಿನ ನೆಲ ಚರ್ಮ ಸುಡುವ ಕಿರಣವನ್ನು ಬಹಳಷ್ಟು ಹೀರಿಕೊಂಡು ಅತ್ಯಲ್ಪವನ್ನು ತಿರುಗಿ ಎಸೆಯುತ್ತದೆ. ಬಿಳಿಚಿದ ಸಿಮೆಂಟು ಅದಕ್ಕಿಂತ ಹಲವು ಪಾಲು ಹೆಚ್ಚು ಎಸೆಯುತ್ತದೆ. ತಲೆಗೆ ಸೆರಗು ಹೊದ್ದು ಬಗ್ಗಿದವಳ ಗಲ್ಲ, ಗಂಟಲು, ಮುಂಗೈಗಳಿಗೆ ಕೆಳಗಿನಿಂದಲೇ ಬಡಿಯುತ್ತದೆ. ಸೀಸನ್ನಿನಲ್ಲಿ ತಿಂಗಳುಗಟ್ಟಲೆ, ಬೆಳಿಗ್ಗೆ ಹರವಿ, ನಡುವೆ ನಾಲ್ಕಾರು ಸಲ ಕೆದಕಿ, ಸಂಜೆ ಗುಡ್ಡೆ ಮಾಡುವವರೆಗೆ ಆ ಹೆಂಗಸರು ಅಲ್ಲೇ ಇರುತ್ತಾರೆ. ಕೊನೆ ಕೊಯ್ಯುವವನು ಮರದ ಮೇಲಿದ್ದರೂ ಸೋಗೆಯ ನೆರಳಿನಲ್ಲಿರುತ್ತಾನೆ. ಸುಲಿಯುವವರು ಚಪ್ಪರದಡಿ ಇರುತ್ತಾರೆ. ಹಂಡೆಯ ಮುಂದಿರುವವನಿಗೆ ಬೆಂಕಿಯ ಕಾಟವಿದ್ದರೂ ತಲೆಯ ಮೇಲೆ ತಗಡಿದೆ. ನಮ್ಮ ಕಸುಬಿನಲ್ಲಿ ಪೂರ್ತಿ ಬಟ್ಟಬಯಲಿನಲ್ಲಿ ನಿಲ್ಲುವವರು ಕಣದ ಹೆಂಗಸರು ಮಾತ್ರ.

ಬಿಸಿಲಿನಿಂದ ಆಗುವ ಹಾನಿಯನ್ನು ಉಬ್ಬಿಸಿ ಹೇಳುವ ಆಸೆ ನಮಗಿಲ್ಲ. ನೇರಳಾತೀತ ಕಿರಣವೆಂಬುದು ಕಣ್ಣಿಗೆ ಕಾಣದ, ಮೈಗೆ ಬಿಸಿಯಾಗಿಯೂ ತಾಗದ ಬಿಸಿಲಿನ ಒಂದು ಪಾಲು. ಚರ್ಮದ ಅರ್ಬುದಕ್ಕೆ ಅದು ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ವಿಭಾಗ 1992ರಲ್ಲಿಯೇ ತೀರ್ಮಾನಿಸಿದೆ. ಆದರೆ ಆ ರೋಗ ಬಿಳಿಯ ಜನರನ್ನು ಕಾಡುವಷ್ಟು ನಮ್ಮನ್ನು ಕಾಡುವುದಿಲ್ಲ. ನಮ್ಮ ಕಪ್ಪು ಬಣ್ಣ ಹುಟ್ಟಿನಿಂದ ಬಂದ ಒಂದು ತೆಳು ಕೊಡೆ. ಹಾಗೆಂದು ಕೊಡೆ ಇದ್ದವರೆಲ್ಲ ನೆನೆಯುವುದಿಲ್ಲ ಎನ್ನಲಾಗದು. ಕೆನ್ನೆಯ ಮೇಲೆ ಬಂಗು, ಕತ್ತಿನ ಹಿಂದೆ ಒಣಗಿದ ಕೆರೆಯಂಗಳದಂತೆ ಸೀಳಿದ ದಪ್ಪ ಚರ್ಮ, ನಲವತ್ತಕ್ಕೇ ಅರವತ್ತರ ಮುಖ, ಕಣ್ಣಿನ ಬಿಳಿಯ ಮೇಲೆ ಬೆಳೆಯುವ ದುರ್ಮಾಂಸ, ಬೇಗ ಬರುವ ಪೊರೆ: ಇವನ್ನು ನೋಡಲು ಆಸ್ಪತ್ರೆಗೆ ಹೋಗಬೇಕಾಗಿಲ್ಲ, ಸೀಸನ್ನಿನಲ್ಲಿ ಯಾವುದೇ ಕಣದ ಬಳಿ ಅರ್ಧ ಗಂಟೆ ನಿಂತರೆ ಸಾಕು. ಇನ್ನು ತೊನ್ನು ಇದ್ದವರ ಗತಿ. ತೊನ್ನು ಬಂದ ಜಾಗದಲ್ಲಿ ಆ ಹುಟ್ಟುಕೊಡೆಯೂ ಇಲ್ಲ. ಅರ್ಧ ಗಂಟೆಯ ಮಧ್ಯಾಹ್ನದ ಬಿಸಿಲಿಗೆ ಕೆಂಪಾಗಿ ಉರಿಯುತ್ತದೆ. ತೊನ್ನು ಅಂಟುರೋಗವಲ್ಲ. ಅಂಥವರನ್ನು ಕೆಲಸದಿಂದ ದೂರವಿಡುವ ತಪ್ಪನ್ನು ಕೆಲವರು ಈಗಲೂ ಮಾಡುತ್ತಾರೆ. ಮಾಡಬೇಕಾದದ್ದು ಅವರಿಗೆ ಪೂರ್ತಿ ತೋಳಿನ ಅಂಗಿ ಕೊಟ್ಟು ಸುಲಿಯುವ ಚಪ್ಪರಕ್ಕೆ ಕೂರಿಸುವುದು.

ಮತ್ತೊಂದು ನಮ್ಮ ಬಯಲುಸೀಮೆಯದೇ ಪೀಡೆ, ಕಾಂಗ್ರೆಸ್ ಗಿಡ. ಮೊದಲು ಹೇಳಿದ ಹೆಂಗಸಿನ ಕತ್ತು, ಕಣ್ಣಿನ ರೆಪ್ಪೆ, ಮೊಣಕೈ ಮಡಿಕೆಗಳಲ್ಲಿ ಎರಡು ವರ್ಷದಿಂದ ತುರಿಕೆ. ಅಂಗಡಿಯಲ್ಲಿ ಸಿಕ್ಕ ಮುಲಾಮನ್ನೆಲ್ಲ ಹಚ್ಚಿ ಆಗಿತ್ತು. ಕೊನೆಗೆ ಚರ್ಮದ ವೈದ್ಯರು ನೋಡಿ, ಇದು ಗಾಳಿಯಲ್ಲಿ ಹಾರಿ ಬರುವ ಕಾಂಗ್ರೆಸ್ ಗಿಡದ ಧೂಳಿನಿಂದ ಬಂದದ್ದು, ಬಿಸಿಲು ಬಿದ್ದರೆ ಕೆರಳುತ್ತದೆ, ಔಷಧಿ ಬರೆದುಕೊಡುತ್ತೇನೆ, ಆದರೆ ಮೈ ಮುಚ್ಚದಿದ್ದರೆ ಔಷಧಿ ಕೆಲಸ ಮಾಡದು ಎಂದರು. ಮೈ ಮುಚ್ಚಲು ಆಕೆಯ ಬಳಿ ಇದ್ದದ್ದು ಒಂದು ತೆಳು ನೈಲಾನ್ ಸೀರೆ, ಗಿಡ್ಡ ತೋಳಿನ ರವಿಕೆ, ಮೇಲೆ ಗಂಡನ ಹಳೆಯ ಷರಟು.

ಆ ಹಳೆಯ ಷರಟಿನ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಸೀರೆಯ ಮೇಲೆ ಗಂಡಸಿನ ಪೂರ್ತಿ ತೋಳಿನ ಷರಟು, ತಲೆಗೆ ಟವೆಲ್ಲು: ಚಿತ್ರದುರ್ಗದಿಂದ ರಾಯಚೂರಿನವರೆಗೆ ಯಾವ ಹೊಲದಲ್ಲಿ ನೋಡಿದರೂ ಕೂಲಿ ಹೆಂಗಸರ ಸಮವಸ್ತ್ರ ಇದೇ. ಯಾವ ಇಲಾಖೆಯೂ ಹೇಳಿಕೊಟ್ಟದ್ದಲ್ಲ, ಯಾವ ಕಂಪನಿಯೂ ಮಾರಿದ್ದಲ್ಲ. ಆಸ್ಟ್ರೇಲಿಯಾದಲ್ಲಿ 1981ರಲ್ಲಿ ದೂರದರ್ಶನದ ಮೂಲಕ ಜನರಿಗೆ ಹೇಳಿಕೊಟ್ಟ ಮೂರು ಮಾತುಗಳೂ ಇವೇ: ಅಂಗಿ ತೊಡಿ, ಮುಲಾಮು ಹಚ್ಚಿ, ಟೋಪಿ ಹಾಕಿ. ಅವರೂ ಮೊದಲು ಹೇಳಿದ್ದು ಅಂಗಿಯನ್ನೇ, ಮುಲಾಮನ್ನಲ್ಲ. ನಮ್ಮ ಹೆಂಗಸರು ಅದನ್ನು ತಾವಾಗಿಯೇ ಕಂಡುಕೊಂಡಿದ್ದಾರೆ. ಕೊರತೆಯೆಂದರೆ, ಅವರಿಗೆ ಸಿಗುವುದು ಗಂಡನೋ ಮಗನೋ ತೊಟ್ಟು ಸವೆಸಿ ಬಿಟ್ಟ ಷರಟು. ಬೆನ್ನಿನಲ್ಲಿ, ಹೆಗಲಿನಲ್ಲಿ, ಎಲ್ಲಿ ಬಿಸಿಲು ಹೆಚ್ಚು ಬೀಳುತ್ತದೋ ಅಲ್ಲೇ ಜಾಳಾದದ್ದು.

ಇದನ್ನೆಲ್ಲ ಕಣ್ಣಾರೆ ನೋಡಿದವರು ನಾವು, ಸಂಘದ ಕಾರ್ಯದರ್ಶಿಗಳು, ಪದವೀಧರರು. ಆದರೂ ಏನು ಮಾಡಿದೆವೆಂಬುದನ್ನು ಮುಚ್ಚಿಡದೆ ಹೇಳಬೇಕು. ಆಡಳಿತ ಮಂಡಳಿಯಲ್ಲಿ ವಿಷಯವಿಟ್ಟು, ಕಣದ ಕೆಲಸದವರಿಗೆ ಸಂಘದಿಂದ ಬಟ್ಟೆ ಕೊಡುವುದೆಂದು ಒಪ್ಪಿಸಿ, ಪೇಟೆಗೆ ಹೋಗಿ ಅಗ್ಗದಲ್ಲಿ ಬಂತೆಂದು ಬಿಳಿಯ, ಅರ್ಧ ತೋಳಿನ, ದುಂಡು ಕತ್ತಿನ ಬನಿಯನ್ ಬಟ್ಟೆಯ ಅಂಗಿಗಳನ್ನು ಕಟ್ಟು ಕಟ್ಟಿಸಿ ತಂದೆವು. ಬೆನ್ನ ಮೇಲೆ ಸಂಘದ ಹೆಸರನ್ನೂ ಅಚ್ಚು ಹಾಕಿಸಿದೆವು. ಹಂಚುವಾಗ ಫೋಟೋ ತೆಗೆಸಿದ್ದೂ ಉಂಟು. ಹದಿನೈದು ದಿನ ಬಿಟ್ಟು ನಾಲ್ಕು ಕಣ ಸುತ್ತಿ ನೋಡಿದರೆ ಒಬ್ಬರ ಮೈ ಮೇಲೂ ಅದಿಲ್ಲ. ಒಂದು ಮನೆಯಲ್ಲಿ ಶಾಲೆಗೆ ಹೋಗುವ ಹುಡುಗ ತೊಟ್ಟಿದ್ದ. ಇನ್ನೊಂದು ಕಡೆ ಅದರಲ್ಲಿ ಹಂಡೆಯ ಕಿವಿ ಹಿಡಿದು ಇಳಿಸುತ್ತಿದ್ದರು.

ಮನಸ್ಸಿಗೆ ಬೇಸರವಾಯಿತು, ಕೊಟ್ಟದ್ದನ್ನು ಉಳಿಸಿಕೊಳ್ಳಲು ಬಾರದ ಜನ ಎಂದು ಗೊಣಗಿಕೊಂಡೆವು ಕೂಡ. ಆಮೇಲೆ ಕೇಳಿದೆವು. ಮೊದಲೇ ಕೇಳಬೇಕಾಗಿತ್ತು. ತುರುಬು ಕಟ್ಟಿ ಸೀರೆ ಉಟ್ಟವಳು ದುಂಡು ಕತ್ತಿನ ಅಂಗಿಯನ್ನು ತಲೆಯ ಮೇಲಿಂದ ಹೇಗೆ ಹಾಕಿಕೊಳ್ಳಬೇಕು, ಸೆಕೆಯಾದರೆ ನಾಲ್ಕು ಜನರೆದುರು ಹೇಗೆ ತೆಗೆಯಬೇಕು? ಮುಂದೆ ಗುಂಡಿಯಿರಬೇಕು. ಬಿಳಿಯದಕ್ಕೆ ಒಂದೇ ದಿನದಲ್ಲಿ ಚೊಗರು ಹಿಡಿದು ರಕ್ತದ ಕಲೆಯಂತೆ ಕಾಣುತ್ತದೆ, ಎಷ್ಟು ಒಗೆದರೂ ಹೋಗದು. ಅರ್ಧ ತೋಳಿದ್ದರೆ ಹಳೆಯ ಷರಟೇ ಮೇಲು. "ಮತ್ತೆ ಅದು ಒಳಗೆ ಬಿಸಿಲು ಬಿಡ್ತದೆ ಗೌಡ್ರೇ," ಎಂದಳು ಒಬ್ಬ ಹುಡುಗಿ, "ಎತ್ತಿ ಹಿಡುದ್ರೆ ಗುಡ್ಡನೇ ಕಾಣ್ತದೆ." ಎತ್ತಿ ಹಿಡಿದು ನೋಡಿದೆವು. ರಾಮಗಿರಿ ಬೆಟ್ಟ ನಿಜಕ್ಕೂ ಕಂಡಿತು.

ಆ ಹುಡುಗಿಯ ಪರೀಕ್ಷೆಗಿಂತ ಉತ್ತಮವಾದದ್ದು ಬಟ್ಟೆಯಂಗಡಿಯಲ್ಲಿ ನಿಂತವರಿಗೆ ಬೇರೊಂದಿಲ್ಲ. ಬಟ್ಟೆ ಬಿಸಿಲನ್ನು ತಡೆಯುವುದು ಮುಖ್ಯವಾಗಿ ನೇಯ್ಗೆಯ ಬಿಗುವಿನಿಂದ. ಎಳೆಗಳ ನಡುವಿನ ಕಂಡಿಯ ಮೂಲಕ ಬೆಳಕು ಇಳಿದಂತೆ ನೇರಳಾತೀತ ಕಿರಣವೂ ಇಳಿಯುತ್ತದೆ. ಇದನ್ನು ಅಳೆಯಲು ಒಂದು ಅಂಕೆಯಿದೆ, ಯು.ಪಿ.ಎಫ್. ಎನ್ನುತ್ತಾರೆ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳು 1996ರಲ್ಲಿ ಅದಕ್ಕೊಂದು ಮಾನಕ ಗೊತ್ತುಮಾಡಿದವು. ಅಂಕೆ 50 ಎಂದಿದ್ದರೆ ಬಿದ್ದ ಕಿರಣದ ಐವತ್ತರಲ್ಲಿ ಒಂದು ಪಾಲು ಮಾತ್ರ ಒಳಗಿಳಿಯುತ್ತದೆ ಎಂದರ್ಥ. ನಾವು ಅಚ್ಚು ಹಾಕಿಸಿ ಹಂಚಿದಂಥ ತೆಳು ಬಿಳಿ ಹತ್ತಿ ಬನಿಯನ್ನಿನ ಅಂಕೆ ಐದರಿಂದ ಏಳರ ಆಸುಪಾಸು; ಬೆವರಿಗೆ ತೊಯ್ದು ಮೈಗೆ ಅಂಟಿದರೆ ಮೂರರ ಹತ್ತಿರಕ್ಕೆ ಇಳಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಕಣದಲ್ಲಿ ಒಣಗಿದ ಬೆನ್ನು ಯಾರದಿರುತ್ತದೆ? ಹಾಗಾಗಿ ನಾವು ಕೊಟ್ಟದ್ದು ಮೂರರಲ್ಲಿ ಒಂದು ಪಾಲು ಬಿಸಿಲನ್ನು ಒಳಗೆ ಬಿಡುವ ಉಡುಗೊರೆ.

ದಪ್ಪ ಜೀನ್ಸ್ ಬಟ್ಟೆಯಲ್ಲಿ ಬಿಸಿಲು ತೂರುವುದೇ ಇಲ್ಲವೆನ್ನಬಹುದು. ಆದರೆ ಅದನ್ನು ತೊಟ್ಟು ಅಡಿಕೆ ಕೆದಕುವವರು ಬಿಸಿಲಿನಿಂದ ಉಳಿದು ಸೆಕೆಯಿಂದ ಬೀಳುತ್ತಾರೆ. ನಮಗೆ ಬೇಕಾದದ್ದು ಒತ್ತಾದ ನೇಯ್ಗೆಯ, ಆದರೆ ಭಾರವಿಲ್ಲದ ಬಟ್ಟೆ. ಗಂಡಸರ ಷರಟಿಗೆ ಬಳಸುವ ಒತ್ತು ಹತ್ತಿ ಅಥವಾ ನಮ್ಮ ಕಾಲೇಜು ದಿನಗಳಲ್ಲಿ ಎಲ್ಲರ ಮೈ ಮೇಲೂ ಇದ್ದ ಟೆರಿಕಾಟ್ ಇದಕ್ಕೆ ಸರಿಹೋಗುತ್ತದೆ. ಟೆರಿಕಾಟನ್ನು ಈಗಿನವರು ಹಗುರವಾಗಿ ನೋಡುತ್ತಾರೆ. ಅದರಲ್ಲಿರುವ ಪಾಲಿಯೆಸ್ಟರ್ ಎಳೆ ಸುಡುವ ಕಿರಣವನ್ನು ತಾನೇ ಬಹಳಮಟ್ಟಿಗೆ ಹೀರಿಕೊಳ್ಳುತ್ತದೆ; ಜೊತೆಗಿರುವ ಹತ್ತಿ ಬೆವರು ಹೀರುತ್ತದೆ. ಪೂರ್ತಿ ಪಾಲಿಯೆಸ್ಟರ್ ಮಾತ್ರ ಬೇಡ, ಒಲೆಯ ಪಕ್ಕದ ಕಿಡಿಗೆ ಕರಗಿ ಮೈಗೆ ಅಂಟುತ್ತದೆ. ಹತ್ತಿಯಾದರೆ ಮೊದಲ ನಾಲ್ಕಾರು ಒಗೆತಕ್ಕೆ ಕುಗ್ಗಿ, ಕಂಡಿಗಳು ಮುಚ್ಚಿಕೊಂಡು ಇನ್ನೂ ಚೆನ್ನಾಗುತ್ತದೆ. ಆದ್ದರಿಂದ ಒಂದಂಗುಲ ಸಡಿಲವಾಗಿಯೇ ಹೊಲಿಸಬೇಕು. ಸವೆದು ಜಾಳಾದ ಮೇಲೆ ಬದಲಿಸಬೇಕು.

ಬಣ್ಣದ ವಿಷಯದಲ್ಲಿ ನಮ್ಮ ಆಡಳಿತ ಮಂಡಳಿಯಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಬಿಳಿ ತಂಪು, ಕಪ್ಪು ಬಿಸಿ ಎಂಬುದು ಚಿಕ್ಕಂದಿನಿಂದ ಕೇಳಿಬಂದದ್ದು, ಸುಳ್ಳೂ ಅಲ್ಲ. ಆದರೆ ಅದೇ ನೇಯ್ಗೆಯ ಬಟ್ಟೆಗೆ ಗಾಢ ಬಣ್ಣ ಹಾಕಿದರೆ ನೇರಳಾತೀತ ಕಿರಣವನ್ನು ಹೆಚ್ಚು ತಡೆಯುತ್ತದೆಂಬುದೂ ಅಷ್ಟೇ ನಿಜ. ಎರಡನ್ನೂ ಹೇಗೆ ಹೊಂದಿಸುವುದು? ಇದಕ್ಕೆ ಉತ್ತರ ಮರುಭೂಮಿಯಿಂದ ಬಂದಿದೆ. ಸಿನಾಯ್ ಮರಳುಗಾಡಿನ ಬೆದುಯಿನ್ ಜನ ಸುಡುಬಿಸಿಲಿನಲ್ಲಿ ಕಪ್ಪು ನಿಲುವಂಗಿ ಏಕೆ ತೊಡುತ್ತಾರೆಂದು ಕೆಲವು ವಿಜ್ಞಾನಿಗಳು ಪರೀಕ್ಷೆ ಮಾಡಿ 1980ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು. ಕಪ್ಪು ಬಟ್ಟೆ ಹೆಚ್ಚು ಕಾಯುವುದು ನಿಜವಾದರೂ, ಅಂಗಿ ದೊಗಳೆಯಾಗಿದ್ದರೆ ಆ ಬಿಸಿ ಬಟ್ಟೆಗೂ ಮೈಗೂ ನಡುವಿನ ಗಾಳಿಯಲ್ಲೇ ಹೊರಟುಹೋಗುತ್ತದೆ. ಮೈಗೆ ಮುಟ್ಟುವ ಸೆಕೆ ಬಿಳಿ ಅಂಗಿಯವನಿಗೂ ಕಪ್ಪು ಅಂಗಿಯವನಿಗೂ ಒಂದೇ ಎಂದು ಅವರು ಕಂಡರು. ಎಂದರೆ ಬಣ್ಣಕ್ಕಿಂತ ಮುಖ್ಯವಾದದ್ದು ದೊಗಳೆತನ. ಬ್ರಿಟಿಷ್ ಕಾಲದ ದೊರೆಗಳು ಬಿಸಿಲು ಬೆನ್ನುಹುರಿಯನ್ನು ಸುಡುತ್ತದೆಂದು ಹೆದರಿ ತಲೆಗೆ ಬೆಂಡಿನ ಟೋಪಿಯೂ ಬೆನ್ನಿಗೆ ಮೆತ್ತೆಯೂ ಕಟ್ಟಿಕೊಂಡು ತಿರುಗುತ್ತಿದ್ದರಂತೆ. ಟೋಪಿಯ ಬುದ್ಧಿ ಸರಿ. ಮೆತ್ತೆಯ ಕೆಳಗೆ ಎಷ್ಟು ಬೆವರಿದರೋ!

ಹೀಗಾಗಿ ನಾವು ಒಪ್ಪಿದ್ದು ಮಧ್ಯಮ ಗಾಢದ ಕಂದು ಅಥವಾ ಇಟ್ಟಿಗೆ ಬಣ್ಣ. ಚೊಗರಿನ ಕಲೆಯೂ ಅದರಲ್ಲಿ ಕಾಣದು. ಚೊಗರೇ ಒಂದು ಬಣ್ಣ ಎಂಬುದನ್ನು ಇಲ್ಲಿ ಹೇಳಬೇಕು. ಅಡಿಕೆ ಬೇಯಿಸಿ ಉಳಿದ ಕೆಂಪು ನೀರಿನಲ್ಲಿರುವ ಒಗರಿನ ಅಂಶ ಬಟ್ಟೆಗೆ ಹಿಡಿಯುತ್ತದೆ, ನೇರಳಾತೀತ ಕಿರಣವನ್ನೂ ಹೀರುತ್ತದೆ. ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿ ರಂಗಕರ್ಮಿ ಪ್ರಸನ್ನ ಅವರು ಕಟ್ಟಿ ಬೆಳೆಸಿದ ಚರಕ ಮಹಿಳಾ ಸಹಕಾರ ಸಂಘದ ಹೆಂಗಸರು ಕೈಮಗ್ಗದ ಬಟ್ಟೆಗೆ ಇದೇ ಅಡಿಕೆ ಚೊಗರಿನಿಂದ ಬಣ್ಣ ಕಟ್ಟುತ್ತಾರೆ. ನಮ್ಮ ಹಾಗೆಯೇ ಅದೂ ಒಂದು ಸಹಕಾರ ಸಂಘ. ನಾವು ಪ್ರತಿ ಸೀಸನ್ನಿನಲ್ಲಿ ಮೋರಿಗೆ ಚೆಲ್ಲುವ ಮಿಕ್ಕ ಚೊಗರಿನಲ್ಲಿ ನಮ್ಮ ಕಣದವರ ಅಂಗಿಗಳಿಗೆ ಬಣ್ಣ ಹಾಕಿಸಲು ಆದೀತೇ ಎಂಬುದನ್ನು ವಿಚಾರಿಸಿ ನೋಡುವ ಮನಸ್ಸಿದೆ. ಆಗದಿದ್ದರೆ ಗಿರಣಿ ಬಣ್ಣವೇ ಇರಲಿ.

ತಲೆಯ ಮಾತು. ರುಮಾಲು, ಟವೆಲ್ಲು, ಸೆರಗು ನೆತ್ತಿಯನ್ನು ಕಾಯುತ್ತವೆ. ಮೂಗು, ಕಿವಿ, ಕೆನ್ನೆಗಳನ್ನು ಕಾಯುವುದಿಲ್ಲ. ಅದಕ್ಕೆ ಸುತ್ತಲೂ ನಾಲ್ಕು ಬೆರಳಗಲದ ಅಂಚು ಬೇಕು. ಅಂಥ ಟೋಪಿಯನ್ನು ಪೇಟೆಯಿಂದ ಏಕೆ ತರಬೇಕು? ಮಲೆನಾಡಿನಲ್ಲಿ, ಕರಾವಳಿಯಲ್ಲಿ ಅಡಿಕೆ ಹಾಳೆಯ ಟೊಪ್ಪಿಗೆ ಇಟ್ಟುಕೊಂಡೇ ತೋಟದ ಕೆಲಸ ಮಾಡುವ ರೂಢಿಯಿತ್ತು. ಹೊರೆ ಹೊರಲೂ ಅದು ಅನುಕೂಲ. ಅದಕ್ಕೆ ಅಗಲ ಅಂಚು ಸೇರಿಸುವುದು ಕೈ ಬಲ್ಲವರಿಗೆ ಕಷ್ಟವಲ್ಲ. ನಮ್ಮ ಬಯಲುಸೀಮೆಗೆ ಅಡಿಕೆ ಬಂತು, ಟೊಪ್ಪಿಗೆ ಬರಲಿಲ್ಲ. ಇಲ್ಲಿ ಹಾಳೆಯೆಂದರೆ ತಟ್ಟೆಯ ಯಂತ್ರಕ್ಕೆ ಹೋಗುವ ಸರಕು. ಹಾಳೆಗೆ ಬರುವ ಕಾಸು ಬಿಡಬೇಕೆಂದು ನಾವು ಹೇಳುತ್ತಿಲ್ಲ. ನೂರರಲ್ಲಿ ಎರಡು ಹಾಳೆ ತಲೆಗೆ ಬಂದರೆ ಯಾರ ಗಂಟೂ ಹೋಗದು.

ಬಟ್ಟೆಯೊಂದೇ ಎಲ್ಲವನ್ನೂ ಮಾಡಲಾರದು, ಹೊತ್ತನ್ನೂ ನೋಡಬೇಕು. ನಮ್ಮ ಗಡಿಯಾರದ ಹನ್ನೆರಡು ಗಂಟೆ ರಾಮಗಿರಿಯ ನಡುಹಗಲಲ್ಲ. ದೇಶದ ಗಡಿಯಾರ ನಮಗಿಂತ ಬಹಳ ಪೂರ್ವದ ರೇಖೆಯದು. ಇಲ್ಲಿ ಸೂರ್ಯ ನೆತ್ತಿಗೆ ಬರುವುದು ಸುಮಾರು ಹನ್ನೆರಡೂ ಕಾಲರ ನಂತರ. ವರ್ಷಕ್ಕೆರಡು ಸಲ, ಏಪ್ರಿಲ್ ತಿಂಗಳ ಕೊನೆಯ ದಿನಗಳಲ್ಲೊಮ್ಮೆ, ಆಗಸ್ಟ್ ಮಧ್ಯದಲ್ಲೊಮ್ಮೆ, ನಿಂತವನ ನೆರಳು ಅವನ ಕಾಲಡಿಗೇ ಬೀಳುತ್ತದೆ. ಎರಡನೆಯದು ಸರಿಯಾಗಿ ನಮ್ಮ ಕೊಯ್ಲು ಮೊದಲಾಗುವ ಕಾಲ. ಗಡಿಯಾರ ಇಲ್ಲದವರಿಗೂ ಒಂದು ಲೆಕ್ಕವಿದೆ: ನೆರಳು ಆಳಿಗಿಂತ ಗಿಡ್ಡವಾಯಿತೆಂದರೆ ಬಿಸಿಲು ಚರ್ಮ ಸುಡುವ ಹೊತ್ತು. ಕಾಫಿ ಸೀಮೆಯ ಸದಸ್ಯರು ತಮ್ಮ ಕಡೆ ತಂಪು ಎಂದು ಇದನ್ನು ತಳ್ಳಿಹಾಕಬಾರದು. ಸಾವಿರ ಮೀಟರು ಮೇಲೇರಿದರೆ ನೇರಳಾತೀತ ಕಿರಣ ಶೇಕಡಾ ಹತ್ತರಷ್ಟು ಹೆಚ್ಚುತ್ತದೆ. ಗಾಳಿ ತಂಪಿರುವುದರಿಂದ ಸುಟ್ಟದ್ದು ಗೊತ್ತಾಗದು ಅಷ್ಟೆ. ಜನವರಿಯಲ್ಲಿ ಕಾಫಿ ಕಣದಲ್ಲಿ ಚೆರ್ರಿ ಕೆದಕುವವಳ ಮುಂಗೈ ನೋಡಿದರೆ ತಿಳಿಯುತ್ತದೆ.

ಬೇಸಗೆಯಲ್ಲಿ ಕಲಬುರ್ಗಿ ಕಡೆಯ ಜಿಲ್ಲೆಗಳ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವಂತೆ ಸರ್ಕಾರ ಎಷ್ಟೋ ವರ್ಷ ಆದೇಶ ಹೊರಡಿಸಿದೆ. ಒಳ್ಳೆಯ ಕೆಲಸವೇ. ಫ್ಯಾನಿನ ಕೆಳಗೆ ಕುಳಿತವರಿಗೆ ಸಂದದ್ದು ಕಣದಲ್ಲಿ ನಿಂತವರಿಗೆ ಏಕೆ ಸಲ್ಲಬಾರದು? ನಮ್ಮ ಕಣದಲ್ಲಿ ಕಳೆದ ಸೀಸನ್ನಿನಿಂದ ಹನ್ನೊಂದೂವರೆಗೆ ಒಂದು ಸಲ ಕೆದಕಿ ಬಿಟ್ಟರೆ ಎರಡೂವರೆಯವರೆಗೆ ಯಾರೂ ಕಣಕ್ಕಿಳಿಯುವಂತಿಲ್ಲ. ಆ ಹೊತ್ತಿಗೆ ಸುಲಿಯುವ ಚಪ್ಪರದ ಕೆಲಸ. ಅಡಿಕೆ ಒಣಗಲಿಲ್ಲವೇ ಎಂದು ಕೇಳುತ್ತೀರಿ. ಒಣಗಿತು. ಬಣ್ಣವೂ ಕೆಡಲಿಲ್ಲ. ಬಿಸಿಲಿಗೆ ಕೆಲಸ ಮಾಡಲು ಪಕ್ಕದಲ್ಲಿ ಹೆಂಗಸೊಬ್ಬಳು ನಿಂತಿರಬೇಕಾಗಿಲ್ಲವಷ್ಟೆ.

ಖೇಣಿಗೆ ಕೊಟ್ಟವರ ಪ್ರಶ್ನೆ ಬೇರೆ. "ತೋಟ ಖೇಣಿದಾರನದು, ಕಣ ಅವನದು, ಆಳು ಅವನವರು, ನಾವೇಕೆ ಅಂಗಿ ಕೊಡಬೇಕು?" ಎಂದು ಕಳೆದ ಸಭೆಯಲ್ಲೇ ಒಬ್ಬ ಮಾನ್ಯ ಸದಸ್ಯರು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಖೇಣಿಯ ಕರಾರು ಬರೆಯುವಾಗ ಮರ ಮುರಿದರೆ ಎಷ್ಟು, ಕೊನೆ ಎಳೆದಾಗ ಸೋಗೆ ಹರಿದರೆ ಎಷ್ಟು ಎಂದೆಲ್ಲ ನಾವು ಬರೆಸಿಕೊಳ್ಳುತ್ತೇವೆ. ಕಣದಲ್ಲಿ ದುಡಿಯುವವರಿಗೆ ತಲಾ ಎರಡು ಅಂಗಿ, ನಡುಹಗಲು ಮೂರು ಗಂಟೆ ನೆರಳು ಎಂಬ ಒಂದು ಸಾಲು ಹೆಚ್ಚಿಗೆ ಬರೆಸಲು ಪೆನ್ನಿನ ಮಸಿ ಸಾಲದೆ ಬರುವುದಿಲ್ಲ. ಒಂದು ಒಳ್ಳೆಯ ಅಂಗಿಗೆ ಬಟ್ಟೆ, ಹೊಲಿಗೆ ಎಲ್ಲ ಸೇರಿ ಬೀಳುವುದು ಒಂದೆರಡು ಕಿಲೋ ರಾಶಿ ಅಡಿಕೆಯ ಬೆಲೆ. ಕ್ವಿಂಟಲುಗಟ್ಟಲೆ ಮಾರುವ ನಮಗೆ ತೂಕದ ಏರುಪೇರಿನಲ್ಲೇ ಅಷ್ಟು ಹೋಗಿರುತ್ತದೆ.

ಆದ್ದರಿಂದ ಬರುವ ಸರ್ವ ಸದಸ್ಯರ ಸಭೆಯಲ್ಲಿ ಈ ವಿಷಯವನ್ನು ಮಂಡಿಸಲಿದ್ದೇವೆ. ಅಂಗಿಯ ಅರ್ಧ ವೆಚ್ಚವನ್ನು ಸಂಘದ ಹಿತನಿಧಿಯಿಂದಲೂ ಉಳಿದರ್ಧವನ್ನು ಕಣದ ಮಾಲೀಕರು ಅಥವಾ ಖೇಣಿದಾರರಿಂದಲೂ ಭರಿಸುವುದು ನಮ್ಮ ಸೂಚನೆ. ಕೂಲಿಯಲ್ಲಿ ಒಂದು ಪೈಸೆಯನ್ನೂ ಹಿಡಿಯಕೂಡದು. ಈ ಸಲ ಬೆನ್ನ ಮೇಲೆ ಸಂಘದ ಹೆಸರಿರುವುದಿಲ್ಲ. ಮಾದರಿಗೆಂದು ಊರಿನ ದರ್ಜಿಯಿಂದ ಎರಡು ಅಂಗಿ ಹೊಲಿಸಿದ್ದೇವೆ: ಮುಂದೆ ಗುಂಡಿ, ಎತ್ತಿ ಕಟ್ಟಬಹುದಾದ ಪಟ್ಟಿ ಕಾಲರು, ಬೆರಳ ಬುಡದವರೆಗೆ ಬರುವ ತೋಳು, ತೊಡೆಯವರೆಗೆ ಉದ್ದ, ಕಂಕುಳಲ್ಲಿ ಗಾಳಿಯಾಡಲು ಸೀಳು. ಎದೆಯ ಮೇಲೊಂದು, ಪಕ್ಕದಲ್ಲೊಂದು ಜೇಬು ಹೆಂಗಸರೇ ಕೇಳಿ ಹಾಕಿಸಿದ್ದು, ಒಂದು ಎಲೆಯಡಿಕೆ ಚೀಲ ಇಡಲು, ಇನ್ನೊಂದು ಮೊಬೈಲಿಗೆ. ಸುಣ್ಣ ಬಳಿಸಬಾರದೇ ಎಂದು ಕೇಳಿದಾಕೆ ಅದರಲ್ಲೊಂದನ್ನು ಎಂಟು ದಿನ ತೊಟ್ಟು, ತೋಳಿನ ಗುಂಡಿ ಹಲಗೆಗೆ ಸಿಕ್ಕಿಹಾಕಿಕೊಳ್ಳುತ್ತದೆ, ಅಲ್ಲಿ ದಾರ ಕಟ್ಟುವಂತೆ ಮಾಡಿ ಎಂದು ಹೇಳಿ ಕಳಿಸಿದ್ದಾಳೆ. ಹಾಗೆಯೇ ಬದಲಾಯಿಸಲು ದರ್ಜಿಗೆ ಕೊಟ್ಟಿದ್ದೇವೆ.

ಇನ್ನೊಂದು ಅಂಗಿ ಸಂಘದ ಕಚೇರಿಯಲ್ಲಿ, ತೂಕದ ಕೋಣೆಯ ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದೆ. ಅಡಿಕೆ ತರುವ ಸದಸ್ಯರು ಎತ್ತಿ ಬೆಳಕಿಗೆ ಹಿಡಿದು ನೋಡಬಹುದು. ತಮ್ಮ ಕಣದಲ್ಲಿ ಎಷ್ಟು ಜನ, ಯಾರಿಗೆ ಯಾವ ಅಳತೆ ಎಂಬುದನ್ನು ಸಭೆಗೆ ಮೊದಲೇ ಗುಮಾಸ್ತರ ಬಳಿ ಬರೆಸಿದರೆ ಬಟ್ಟೆಯನ್ನು ಒಟ್ಟಿಗೆ ತರಿಸಲು ಅನುಕೂಲವಾಗುತ್ತದೆ. ಅಳತೆಯನ್ನು ಮಾತ್ರ ತಾವು ಅಂದಾಜು ಮಾಡದೆ, ತೊಡುವವರನ್ನೇ ಕೇಳಿ ಬರೆಸಬೇಕಾಗಿ ವಿನಂತಿ.